ಸಾವಿರ ಗ್ರಹಗಳು, ಎಪ್ಪತ್ತೇಳು ಮಲೆಗಳು: ‘ಸ್ಟಾರ್‌ಫೀಲ್ಡ್’ ಎಂಬ ಆಟದ ಗುಣದೋಷವಿವೇಚನೆ

ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಎಂಬ ಸಂಸ್ಥೆಯವರು ಟಾಡ್ ಹವರ್ಡ್ ಎಂಬವರ ನಿರ್ದೇಶನದಲ್ಲಿ ರಚಿಸಿ, 2023ನೆಯ ಇಸವಿ ಸೆಪ್ಟೆಂಬರ್ 6ರಂದು ಪ್ರಕಟಿಸಿದ ‘ಸ್ಟಾರ್‌ಫೀಲ್ಡ್’ ಎಂಬ ವೀಡಿಯೊ ಗೇಮ್, ಗಾತ್ರವೊಂದನ್ನೇ ನೋಡಿದರೆ, ಮನುಷ್ಯರು ಕಟ್ಟಿದ ಕಥಾಪ್ರಪಂಚಗಳಲ್ಲಿ ಅತ್ಯಂತ ವಿಸ್ತಾರವಾದವುಗಳ ಪಂಕ್ತಿಗೆ ಸೇರತಕ್ಕುದು. ಇದರಲ್ಲಿ ನೂರಕ್ಕೆ ಮೇಲ್ಪಟ್ಟು ನಕ್ಷತ್ರಮಂಡಲಗಳಿವೆ. 1000ಕ್ಕೂ ಮಿಕ್ಕಿ ಗ್ರಹೋಪಗ್ರಹಗಳಿವೆ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಸಾಲುಗಳು ಎರಡೂವರೆ ಲಕ್ಷವನ್ನು ಮೀರುತ್ತವೆ. ಆಟಗಾರನು ತಾನೇ ಒಂದು ಪಾತ್ರವನ್ನು ಕಲ್ಪಿಸಿಕೊಂಡು, ಅದರ ಮುಖಚರ್ಯೆ, ಪೂರ್ವವೃತ್ತಾಂತ, ಕೌಶಲಗಳನ್ನು ಗೊತ್ತುಮಾಡಿಕೊಂಡು, ಕಥೆಯೊಳಗೆ ನಡೆದಾಡುವ ಜಾತಿಯ ಆಟವಿದು. ಇಂಥದನ್ನು ಪಂಡಿತರ ಪತ್ರಿಕೆಯಲ್ಲಿ ವಿಮರ್ಶಿಸುವುದು ಉಚಿತವೇ ಎಂದು ಕೆಲವರು ಕೇಳಬಹುದು. ಕಥೆಯಿದೆ, ಪಾತ್ರಗಳಿವೆ, ವರ್ಣನೆಯಿದೆ, ರಸೋತ್ಪತ್ತಿಯ ಪ್ರಯತ್ನವೂ ಇದೆ. ಶ್ರವ್ಯ, ದೃಶ್ಯಗಳೆಂಬ ಹಳೆಯ ವಿಭಾಗಕ್ಕೆ ‘ಆಡತಕ್ಕುದು’ ಎಂಬ ಮೂರನೆಯದೊಂದು ಸೇರಿದೆಯೆಂದು ತಿಳಿದರೆ ಆ ಶಂಕೆಗೆ ಅವಕಾಶವಿಲ್ಲ.

ಆದರೆ ಯಾವ ಅಳತೆಗೋಲಿನಿಂದ ಇದನ್ನು ಅಳೆಯಬೇಕು? ಪಾಶ್ಚಾತ್ಯ ವಿಮರ್ಶಕರು ಇದೇ ಜಾತಿಯ ಇತರ ಆಟಗಳೊಡನೆ ಹೋಲಿಸಿ ತೂಗಿರುವುದುಂಟು. ಆ ಕೆಲಸವನ್ನು ಮತ್ತೆ ಮಾಡಿ ಫಲವಿಲ್ಲ. ಬಹು ವಿಸ್ತಾರವಾದ ಕಥಾಪ್ರಪಂಚವನ್ನು ಒಂದೇ ಹಿಡಿತದಲ್ಲಿ ನಿಲ್ಲಿಸುವುದು ಹೇಗೆಂಬ ಪ್ರಶ್ನೆಗೆ ಕನ್ನಡನಾಡಿನ ದಕ್ಷಿಣದ ಮೂಲೆಯಲ್ಲಿ, ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ತಾಲ್ಲೂಕುಗಳಲ್ಲಿ, ಮೂರು ಬಗೆಯ ಉತ್ತರಗಳು ಸಿದ್ಧವಾಗಿ ದೊರೆಯುತ್ತವೆ. ಹನೂರಿನ ಕಾಡುಬೆಟ್ಟಗಳಲ್ಲಿ ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುವ ಮಲೆಯ ಮಾದೇಶ್ವರನ ಮಹಾಕಾವ್ಯ ಒಂದು. ಕೊಳ್ಳೇಗಾಲದ ಸೀಮೆಯ ಚಿಕ್ಕಲ್ಲೂರಿನಲ್ಲಿ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ, ಸಿದ್ಧಪ್ಪಾಜಿಯವರ ಕಥೆ ಇನ್ನೊಂದು. ಯಳಂದೂರಿನೊಡನೆ ಹೆಸರು ಬೆಸೆದುಕೊಂಡಿರುವ 17ನೆಯ ಶತಮಾನದ ಷಡಕ್ಷರದೇವನ ‘ರಾಜಶೇಖರವಿಳಾಸ’ವೆಂಬ ಚಂಪೂಕಾವ್ಯ ಮತ್ತೊಂದು. ಆಟಕ್ಕೂ ಈ ಕೃತಿಗಳಿಗೂ ಯಾವ ಸಂಬಂಧವೂ ಇಲ್ಲ. ಸಂಬಂಧವಿಲ್ಲದಿರುವುದೇ ಅಳತೆಗೋಲಿಗೆ ಯೋಗ್ಯತೆ.

ಕಥಾಸಾರವನ್ನು ಸಂಕ್ಷೇಪವಾಗಿ ಹೇಳಬಹುದು. ಕಾಲ ಕ್ರಿ. ಶ. 2330. ಭೂಮಿಯು ತನ್ನ ಕಾಂತಾವರಣವನ್ನು ಕಳೆದುಕೊಂಡು ನಿರ್ಜೀವವಾಗಿದೆ. ಮನುಷ್ಯರು ಹತ್ತಿರದ ನಕ್ಷತ್ರಗಳ ಸುತ್ತ ನೆಲೆಸಿದ್ದಾರೆ. ಗಣಿಯ ಕೂಲಿಯಾದ ಕಥಾನಾಯಕನು ನೆಲದೊಳಗಿನ ಒಂದು ವಿಚಿತ್ರ ಲೋಹಖಂಡವನ್ನು ಮುಟ್ಟಿ ದರ್ಶನವೊಂದನ್ನು ಪಡೆಯುತ್ತಾನೆ. ಅದರಿಂದ ‘ಕಾನ್‌ಸ್ಟೆಲೇಷನ್’ ಎಂಬ ಅನ್ವೇಷಕರ ಸಂಘವನ್ನು ಸೇರಿ, ಅಂಥ ಖಂಡಗಳನ್ನೆಲ್ಲ ಕೂಡಿಸುತ್ತ ಹೋಗಿ, ಕಡೆಗೆ ‘ಯೂನಿಟಿ’ ಎಂಬ ದ್ವಾರವನ್ನು ತಲಪುತ್ತಾನೆ. ಅದನ್ನು ದಾಟಿದವನು ಮತ್ತೊಂದು ವಿಶ್ವದಲ್ಲಿ ಹೊಸದಾಗಿ ಕಥೆಯನ್ನಾರಂಭಿಸುತ್ತಾನೆ. ಪೀಠಿಕಾಭಾಗ ತೀರ ಸಾಮಾನ್ಯವಾದುದು. ಗಣಿಯ ಕೂಲಿಗೆ ಮುಖಪರಿಚಯವೂ ಸರಿಯಾಗಿಲ್ಲದ ಒಬ್ಬನು ಬಂದು ತನ್ನ ಹಡಗನ್ನೇ ಒಪ್ಪಿಸಿಬಿಡುವುದು ನಂಬತಕ್ಕ ಮಾತಲ್ಲ.

ಗುಣಗಳನ್ನು ಮೊದಲು ಹೇಳುವುದು ನ್ಯಾಯ. ವಸ್ತುಗಳ ವರ್ಣನೆಯಲ್ಲಿ ಈ ಕೃತಿಗೆ ಸಮನಾದುವು ಕಡಮೆ. ಹಡಗಿನ ಬಾಗಿಲಿನ ಅಗುಳಿ, ಗೋಡೆಯ ಗುಂಡಿಗಳು, ಊಟದ ಪೊಟ್ಟಣ, ಮೇಜಿನ ಮೇಲೆ ಯಾರೋ ಬಿಟ್ಟುಹೋದ ಲೋಟ, ಇವೆಲ್ಲ 20ನೆಯ ಶತಮಾನದ ಆಕಾಶಯಾನಗಳ ಯಂತ್ರಸಾಮಗ್ರಿಯನ್ನು ನೆನಪಿಗೆ ತರುವಂತೆ ರಚಿತವಾಗಿವೆ. ಭವಿಷ್ಯವು ಮಂತ್ರಮಾಯೆಯೆಂದಲ್ಲ, ಕೈಕೆಲಸವೆಂದು ತೋರುತ್ತದೆ. ಬೇಕುಬೇಕಾದ ಅಂಗಗಳನ್ನು ಕೂಡಿಸಿ ಆಟಗಾರನೇ ಹಡಗನ್ನು ಕಟ್ಟಿಕೊಳ್ಳುವ ಏರ್ಪಾಟಂತೂ ಸರ್ವಜನರ ಮೆಚ್ಚಿಕೆಗೆ ಪಾತ್ರವಾದುದು. ಇನಾನ್ ಜೂರ್ ಅವರ ಸಂಗೀತ ಗಂಭೀರವಾಗಿದೆ, ಮೌನವೆಲ್ಲಿರಬೇಕೆಂಬುದನ್ನು ಬಲ್ಲದು.

ಉಪಕಥೆಗಳಲ್ಲಿ ಎರಡು ಬಹಳ ಚೆನ್ನಾಗಿವೆ. ವ್ಯಾನ್‌ಗಾರ್ಡ್ ದಳದ ಕಥೆಯಲ್ಲಿ ‘ಟೆರರ್‌ಮಾರ್ಫ್’ ಎಂಬ ಘೋರಮೃಗಗಳು ಊರೂರನ್ನೇ ಹಾಳುಮಾಡುತ್ತಿರುತ್ತವೆ. ಅವು ಎಲ್ಲಿಂದ ಬರುತ್ತವೆಂದು ಹುಡುಕುತ್ತ ಹೋದರೆ, ಹಡಗುಗಳ ಮೂಲೆಯಲ್ಲಿ ಎಲ್ಲರೂ ಕಂಡು ಉದಾಸೀನಮಾಡುತ್ತಿದ್ದ ಒಂದು ಕ್ಷುದ್ರ ಹುಳುವೇ ಕಾಲಕ್ರಮದಲ್ಲಿ ಆ ಮೃಗವಾಗಿ ಬೆಳೆಯುತ್ತದೆಂದು ತಿಳಿಯುತ್ತದೆ. ಆಟಗಾರನು ತಾನೇ ಹತ್ತಾರು ಸಲ ಆ ಹುಳುವನ್ನು ದಾಟಿಹೋಗಿರುತ್ತಾನಾದ್ದರಿಂದ ಈ ತಿಳಿವು ಹೊರಗಿನಿಂದ ಬಂದುದಾಗದೆ ಒಳಗಿನಿಂದಲೇ ಉದಿಸುತ್ತದೆ. ಇನ್ನೊಂದು ನಿಶಿನಾ ಸಂಶೋಧನಾಲಯದ ಪ್ರಸಂಗ. ಅಲ್ಲಿ ನಡೆದ ಒಂದು ಅಪಘಾತದಿಂದ ಎರಡು ವಿಶ್ವಗಳು ತೊಡಕಿಕೊಂಡಿವೆ: ಒಂದರಲ್ಲಿ ಎಲ್ಲರೂ ಸತ್ತು ಒಬ್ಬನುಳಿದಿದ್ದಾನೆ, ಇನ್ನೊಂದರಲ್ಲಿ ಆ ಒಬ್ಬನೇ ಸತ್ತು ಇತರರು ಉಳಿದಿದ್ದಾರೆ. ಆಟಗಾರನು ಒಂದೇ ಓಣಿಯಲ್ಲಿ ಹೆಜ್ಜೆಯಿಟ್ಟಂತೆ ಈ ಎರಡು ಜಗತ್ತುಗಳ ನಡುವೆ ಹೊರಳುತ್ತಾನೆ. ಇಲ್ಲಿ ಬೆಂಕಿಯೂ ಪಾಳುಗೋಡೆಯೂ, ಅಲ್ಲಿ ದೀಪವೂ ಮಾತೂ. ಯಾರನ್ನು ಉಳಿಸಬೇಕೆಂಬ ನಿರ್ಧಾರ ಕಡೆಗೆ ಅವನ ಪಾಲಿಗೆ ಬೀಳುತ್ತದೆ. ಬಹು ಜಾಗರೂಕನಾದರೆ ಇಬ್ಬರನ್ನೂ ಉಳಿಸುವ ಮಾರ್ಗವೂ ಉಂಟು. ಕರುಣವೂ ಅದ್ಭುತವೂ ಹೀಗೆ ಒಂದೇ ಪಾತ್ರೆಯಲ್ಲಿ ಸೇರಿರುವುದು ಅಪೂರ್ವ.

ಈಗ ವಿಸ್ತಾರದ ವಿಚಾರ. ಇಲ್ಲಿಯೇ ಕೃತಿಯ ಮುಖ್ಯದೋಷವಿದೆ. ಸಾವಿರ ಗ್ರಹಗಳಲ್ಲಿ ಬಹುಪಾಲು, ಕಂಪ್ಯೂಟರು ಸೂತ್ರಾನುಸಾರವಾಗಿ ಹಾಸಿದ ಕಲ್ಲು ಮಣ್ಣುಗಳ ಬಯಲು. ಜೀವಿಗಳಿರುವುವು ನಿರ್ಮಾಪಕರೇ ಹೇಳಿದಂತೆ ಹತ್ತರಲ್ಲೊಂದು ಪಾಲು. ಉಳಿದುವು ಬರಿದಾಗಿವೆಯೆಂದು ಆಕ್ಷೇಪಿಸಿದವರಿಗೆ, ಚಂದ್ರನ ಮೇಲೆ ಕಾಲಿಟ್ಟವರಿಗೆ ಅಲ್ಲಿ ಏನೂ ಇಲ್ಲದಿದ್ದರೂ ಬೇಸರವಾಗಲಿಲ್ಲವಷ್ಟೆ ಎಂಬ ಅರ್ಥದ ಸಮಾಧಾನವನ್ನು ಸಂಸ್ಥೆಯ ಆಶ್ಲಿ ಚೆಂಗ್ ಎಂಬವರು ಹೇಳಿದ್ದುಂಟು. ಮಾತು ಚಮತ್ಕಾರವಾಗಿದೆ, ಆದರೆ ನಿಲ್ಲುವುದಿಲ್ಲ. 1969ರ ಜುಲೈ 16ರಂದು ಹೊರಟವರು ಚಂದ್ರನ ಮೇಲಿಳಿದದ್ದು ಜುಲೈ 20ರಂದು. ಆ ನಾಲ್ಕು ದಿನಗಳೂ, ಅದರ ಹಿಂದಿನ ಹಲವು ವರ್ಷಗಳೂ, ಆ ಬರಿಯ ಬಯಲಿಗೆ ಅರ್ಥವನ್ನು ತುಂಬಿದುವು. ಆಟದಲ್ಲಾದರೋ ನಕ್ಷೆಯ ಮೇಲೊಂದು ಚುಕ್ಕೆಯನ್ನು ಆರಿಸಿ ಗುಂಡಿಯೊತ್ತಿದರೆ ಸಾಕು. ಪರದೆ ಕಪ್ಪಾಗಿ ಬೆಳಗುವಷ್ಟರಲ್ಲಿ ಆಟಗಾರನು ಅಲ್ಲಿ ನಿಂತಿರುತ್ತಾನೆ. ಬರಿದಾಗಿರುವುದು ದೋಷವಲ್ಲ, ದಾರಿಯಿಲ್ಲದೆ ಬರಿದಾಗಿರುವುದು ದೋಷ.

ಮಾದೇಶ್ವರನ ಕಾವ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪಿ. ಕೆ. ರಾಜಶೇಖರ ಅವರು ಸಂಪಾದಿಸಿ 1973ರಲ್ಲಿ ಪ್ರಕಟಿಸಿದಾಗ ಓದುವವರಿಗೆ ಇದರ ಗಾತ್ರ ಅಚ್ಚರಿಯನ್ನುಂಟುಮಾಡಿತು. ಕೇಳುವವರಿಗೆ ಅದು ಮೊದಲೇ ಗೊತ್ತಿತ್ತು. ಅದರ ಭೂಗೋಳ ಎಪ್ಪತ್ತೇಳು ಮಲೆಗಳದು. ಸಾವಿರದ ಮುಂದೆ ಎಪ್ಪತ್ತೇಳು ಎಷ್ಟರ ಸಂಖ್ಯೆ? ಹಾಗಿದ್ದರೂ ಮಲೆಗಳ ಪ್ರಪಂಚವೇ ದೊಡ್ಡದೆನಿಸುತ್ತದೆ. ಏಕೆಂದರೆ ಪೊನ್ನಾಚಿಮಲೆಯಾಗಲಿ ಜೇನುಮಲೆಯಾಗಲಿ ಹೆಸರಿನಿಂದಲೇ ಒಂದು ಬದುಕನ್ನು ಸೂಚಿಸುತ್ತದೆ. ಹುಲಿಯನ್ನೇರಿದ ಸ್ವಾಮಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವಾಗ ದಾರಿಯಲ್ಲಿ ಯಾರಾದರೂ ಎದುರಾಗುತ್ತಾರೆ, ಭಿಕ್ಷೆ ಕೇಳುತ್ತಾನೆ, ಕೊಡುತ್ತಾರೆ ಅಥವಾ ಇಲ್ಲವೆನ್ನುತ್ತಾರೆ, ಆ ಹೌದು ಅಲ್ಲಗಳಿಂದಲೇ ಆ ಸ್ಥಳ ಕಥೆಯಲ್ಲಿ ನೆಲೆನಿಲ್ಲುತ್ತದೆ. ಇಂದಿಗೂ ತಾಳಬೆಟ್ಟದಿಂದ ಮೇಲಕ್ಕೆ ಕಾಲ್ನಡೆಯಲ್ಲಿ ಏರುವ ಯಾತ್ರಿಕರಿಗೆ ಬೆಟ್ಟದ ದೊಡ್ಡತನವು ಕಾಲಿನ ನೋವಿನ ಮೂಲಕವೇ ತಿಳಿಯುವುದು. ವಿಸ್ತಾರವೆಂಬುದು ಕ್ಷೇತ್ರಫಲದ ಗುಣವಲ್ಲ, ನಡೆಯ ಗುಣ ಎಂಬ ತತ್ತ್ವವನ್ನು ಗುಡ್ಡರು ಯಾವ ಶಾಸ್ತ್ರವನ್ನೂ ಓದದೆ ಬಲ್ಲರು.

ಸಾಧನಗಳ ಅಲ್ಪತೆಯೂ ಅಡ್ಡಿಯಾಗಬೇಕಾಗಿಲ್ಲ. ಚಿಕ್ಕಲ್ಲೂರು ಜಾತ್ರೆಯ ಮೊದಲ ರಾತ್ರಿ ಬಿದಿರು ಬಟ್ಟೆಗಳಿಂದ ಕಟ್ಟಿದ ‘ಚಂದ್ರಮಂಡಲ’ಕ್ಕೆ ಬೆಂಕಿ ಹಚ್ಚಿ, ಅದು ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ದಿಕ್ಕಿಗೆ ಮಳೆಬೆಳೆ ಒಳ್ಳೆಯದೆಂದು ಜನರು ನಂಬುತ್ತಾರೆ. ಅಷ್ಟು ಚಿಕ್ಕ ಚಂದ್ರಮಂಡಲವನ್ನು ಸಾವಿರಾರು ಕಣ್ಣುಗಳು ಉಸಿರು ಬಿಗಿಹಿಡಿದು ನೋಡುವುದು, ಅದಕ್ಕೂ ತಮ್ಮ ಹೊಲಕ್ಕೂ ಸಂಬಂಧವುಂಟೆಂಬ ಕಾರಣದಿಂದ. ಆಟದ ಗ್ರಹಗಳಲ್ಲಿ ಆಟಗಾರನ ಹೊಲವೆಂಬುದಿಲ್ಲ. ಭೂಮಿಯೇ ಇದಕ್ಕೆ ದುಃಖಕರ ನಿದರ್ಶನ: ಕೆಲವು ಪ್ರಸಿದ್ಧ ಸ್ಮಾರಕಗಳನ್ನು ಬಿಟ್ಟರೆ ಎಲ್ಲಿಳಿದರೂ ಒಂದೇ ಮರಳು, ಕಾವೇರಿ ಹರಿದ ಎಡೆ ಯಾವುದೆಂದು ಗುರುತಿಸುವ ಬಗೆಯಿಲ್ಲ. ಮಾನವಕುಲದ ತವರನ್ನು ಕಳೆದುಕೊಂಡ ಕಥೆಯಲ್ಲಿ ತವರಿಗಾಗಿ ಅಳುವವರು ಇಷ್ಟು ಕಡಮೆಯಿರುವುದು ಆಶ್ಚರ್ಯ.

ಪುನರುಕ್ತಿಯ ವಿಷಯದಲ್ಲಿ ವಿಮರ್ಶಕರು ಸಾಮಾನ್ಯವಾಗಿ ಮಾಡಿರುವ ಆಕ್ಷೇಪಣೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಗ್ರಹದಿಂದ ಗ್ರಹಕ್ಕೆ ಹೋದರೂ ಅದೇ ಕಾರ್ಖಾನೆ, ಅದೇ ಪಾಳುಬಿದ್ದ ಪ್ರಯೋಗಶಾಲೆ ಎದುರಾಗುತ್ತದೆಂದು ಅವರ ದೂರು. ಪುನರುಕ್ತಿಯೇ ದೋಷವಾಗುವುದಾದರೆ ನೀಲಗಾರರ ಹಾಡಿಗೂ ದೇವರಗುಡ್ಡರ ಹಾಡಿಗೂ ಉಳಿವಿಲ್ಲ. ಅವರು ಸ್ವಾಮಿಯ ಬಿರುದುಗಳನ್ನು ನೂರು ಸಲ ಹೇಳುತ್ತಾರೆ. ಸಜ್ಜಾಗಿ ಹೊರಡುವುದನ್ನು, ಬಾಗಿಲಲ್ಲಿ ನಿಂತು ಕೂಗುವುದನ್ನು, ಸಂಕಟದಲ್ಲಿ ಮೊರೆಯಿಡುವುದನ್ನು ಹೆಚ್ಚುಕಡಮೆ ಒಂದೇ ಮಾತಿನಲ್ಲಿ ತರುತ್ತಾರೆ. ಆದರೆ ಆ ಮಾತು ಪ್ರತಿಸಲವೂ ಹೊಸ ಸಂದರ್ಭದ ಒತ್ತಡಕ್ಕೆ ಸಿಕ್ಕಿ ಬೇರೆ ಬಣ್ಣವನ್ನು ಪಡೆಯುತ್ತದೆ. ಹಾಡುವವನು ಸಭೆಯ ಮುಖ ನೋಡಿ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಆಟದ ಪುನರುಕ್ತಿ ಹಾಗಲ್ಲ. ಒಂದು ಗ್ರಹದ ಪ್ರಯೋಗಶಾಲೆಯಲ್ಲಿ ಸತ್ತುಬಿದ್ದ ಮನುಷ್ಯನೂ ಅವನ ಪಕ್ಕದ ಓಲೆಯೂ ಇನ್ನೊಂದು ನಕ್ಷತ್ರದ ಕೆಳಗೆ ಅದೇ ಭಂಗಿಯಲ್ಲಿ, ಅದೇ ಮೂಲೆಯಲ್ಲಿ ಸಿಕ್ಕುತ್ತವೆ. ಮೊದಲ ಸಲ ಆ ಓಲೆಯನ್ನೋದಿ ಮರುಗಿದವನು ಎರಡನೆಯ ಸಲ ತನ್ನ ಮರುಕಕ್ಕೇ ನಾಚಬೇಕಾಗುತ್ತದೆ. ಕಟ್ಟಡ ಪುನರಾವೃತ್ತವಾದರೆ ಕ್ಷಮಿಸಬಹುದು. ಮರಣ ಪುನರಾವೃತ್ತವಾದರೆ ಕಥೆಯ ಮೇಲಣ ವಿಶ್ವಾಸವೇ ಮುರಿಯುತ್ತದೆ. ದೇವಾಲಯಗಳಂತೆ ತೋರುವ ಎಡೆಗಳಲ್ಲಿ ಶಕ್ತಿಗಳನ್ನು ಸಂಪಾದಿಸುವ ಕ್ರಮವೂ, ತೇಲುತ್ತ ಬೆಳಕಿನ ಕಣಗಳನ್ನು ಹಿಡಿಯುವ ಒಂದೇ ವಿಧಿಯಾಗಿ, ಇಪ್ಪತ್ತಕ್ಕೂ ಹೆಚ್ಚು ಸಲ ಬರುತ್ತದೆ.

ದೀರ್ಘವರ್ಣನೆಗಳಿಂದ ಓದುಗನನ್ನು ದಣಿಸುವ ಕೃತಿಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ‘ರಾಜಶೇಖರವಿಳಾಸ’ವನ್ನು ಪಾಠಹೇಳಿದ ಅಧ್ಯಾಪಕರಿಗೆ ಅದರ ವರ್ಣನಾಬಾಹುಳ್ಯ ತಿಳಿಯದ ಸಂಗತಿಯಲ್ಲ. ಆದರೂ ಆ ಕಾವ್ಯ ಬದುಕಿರುವುದು, ಕುದುರೆಯ ತುಳಿತಕ್ಕೆ ಸಿಕ್ಕಿ ತಿರುಕೊಳವಿನಾಚಿಯ ಮಗು ಸಾಯುವ, ಆ ತಾಯಿ ಗೋಳಿಡುವ, ಸತ್ಯೇಂದ್ರಚೋಳನು ನ್ಯಾಯದ ಕಟ್ಟಿಗೊಳಗಾಗಿ ಸ್ವಂತ ಮಗನಿಗೇ ಮರಣದಂಡನೆಯನ್ನು ವಿಧಿಸುವ ಭಾಗದಿಂದ. ಅದುವರೆಗಿನ ವೈಭವವೆಲ್ಲ ಅಲ್ಲಿ ತೂಕಕ್ಕೆ ಬೀಳುತ್ತದೆ. ಆಟದಲ್ಲಿಯೂ ಅಂಥ ಒಂದು ಘಟ್ಟವಿದೆ: ‘ಹಂಟರ್’ ಎಂಬ ವೈರಿಯು ಸಂಘದ ಮೇಲೆ ಬಿದ್ದಾಗ, ಸಂಘದ ಮನೆಯನ್ನು ಕಾಯಬೇಕೋ ಆಕಾಶದಲ್ಲಿರುವ ಠಾಣೆಗೆ ಓಡಬೇಕೋ ಎಂದು ಆಟಗಾರನು ನಿರ್ಣಯಿಸಬೇಕು, ಅವನು ಎಲ್ಲಿಗೆ ಹೋಗಲಿಲ್ಲವೋ ಅಲ್ಲಿದ್ದ ಆಪ್ತರೊಬ್ಬರು ಸಾಯುತ್ತಾರೆ. ಸಾಯುವುದು ಆಟಗಾರನ ಸ್ನೇಹವನ್ನು ಹೆಚ್ಚಾಗಿ ಗಳಿಸಿದವರಲ್ಲೇ ಒಬ್ಬರಾದ್ದರಿಂದ ಪೆಟ್ಟು ನೆಟ್ಟಗೆ ತಗಲುತ್ತದೆ. ಇಡೀ ಮುಖ್ಯಕಥೆಯಲ್ಲಿ ಇದಕ್ಕೆ ಎಣೆಯಾದ ಎಡೆಯಿಲ್ಲ.

ಇತರ ಕಡೆಗಳಲ್ಲಿ ನಿರ್ಣಯವೆಂಬುದು ಹೆಸರಿಗೆ ಮಾತ್ರ. ಪ್ಯಾರಡೈಸೋ ಎಂಬ ವಿಹಾರಸ್ಥಾನದ ಪ್ರಸಂಗವನ್ನು ನೋಡಬಹುದು. ಸುಮಾರು ಇನ್ನೂರು ವರ್ಷಗಳ ಹಿಂದೆ ಭೂಮಿಯನ್ನು ಬಿಟ್ಟ ಹಡಗೊಂದು, ತಲೆಮಾರುಗಳು ಹುಟ್ಟಿ ಸತ್ತ ಮೇಲೆ, ತನಗೆ ಗೊತ್ತುಮಾಡಿದ ಗ್ರಹವನ್ನು ತಲಪಿದರೆ, ಅಲ್ಲಿ ವೇಗದ ಯಂತ್ರಗಳಿಂದ ಮುಂಚೆಯೇ ಬಂದ ಧನಿಕರು ಮೋಜಿನ ಮನೆಗಳನ್ನು ಕಟ್ಟಿಕೊಂಡಿದ್ದಾರೆ. ಎಂಥ ವಸ್ತು! ಎಂಥ ಮಹಾಕವಿಗೂ ಸಾಲುವ ವಸ್ತು. ಆದರೆ ಪರಿಹಾರಗಳೋ: ಹಡಗಿನವರು ಜೀತಕ್ಕೊಪ್ಪಿ ಇಳಿಯಬೇಕು, ಇಲ್ಲವೆ ಆಟಗಾರನು ಅವರಿಗೆ ಹೊಸ ಯಂತ್ರವನ್ನು ಕೊಂಡು ಕೊಟ್ಟು ಬೇರೆ ಕಡೆಗೆ ಕಳುಹಬೇಕು, ಇಲ್ಲವೆ ಹಡಗನ್ನೇ ಸ್ಫೋಟಿಸಬೇಕು. ಧನಿಕರನ್ನು ಎದುರಿಸಿ ಅವರ ಹಕ್ಕನ್ನೇ ಪ್ರಶ್ನಿಸುವ ಮಾರ್ಗವಿಲ್ಲ. ಅವರ ಮೇಲೆ ಆಯುಧವೆತ್ತಿದರೂ ಅವರು ಸಾಯುವುದಿಲ್ಲ, ಕಥೆಗೆ ಅವರು ಬೇಕೆಂದು ಯಂತ್ರವೇ ಕಾಪಾಡುತ್ತದೆ. ಇದರೆದುರಿಗೆ ಸೋಲಿಗರ ಸಂಕಮ್ಮನನ್ನು ನೆನೆಯಬೇಕು. ಜೇನಿಗಾಗಿ ಕಾಡಿಗೆ ಹೊರಡುವ ಗಂಡ ನೀಲೇಗೌಡನು ಶೀಲದ ಆಣೆಯನ್ನು ಕೇಳುತ್ತಾನೆ, ಆಕೆ ಕೊಡೆನೆನ್ನುತ್ತಾಳೆ, ಆ ಒಂದು ನಿರಾಕರಣೆಯಿಂದ ಹಿಂಸೆಯೂ, ಮಾದಪ್ಪನ ಆಗಮನವೂ, ಮಕ್ಕಳ ಜನನವೂ ಒಂದರ ಹಿಂದೊಂದು ಬರುತ್ತವೆ. ಭಿಕ್ಷೆಯಿಲ್ಲವೆಂದ ಬೇವಿನಹಟ್ಟಿಯ ಕಾಳಮ್ಮನ ‘ಇಲ್ಲ’ವೂ ಅಷ್ಟೇ ಬಲವಾದುದು, ಫಲ ಮಾತ್ರ ವಿಪರೀತ. ಪಾತ್ರಕ್ಕೆ ಇಲ್ಲವೆನ್ನುವ ಅಧಿಕಾರವಿದ್ದಲ್ಲಿ ಕಥೆ ಕವಲೊಡೆಯುತ್ತದೆ. ಆಟವು ಆಟಗಾರನಿಗೆ ಹೌದೆನ್ನುವ ನಾಲ್ಕು ರೀತಿಗಳನ್ನು ಬರೆದುಕೊಟ್ಟು ಅದನ್ನೇ ಸ್ವಾತಂತ್ರ್ಯವೆಂದು ಕರೆಯುತ್ತದೆ. ಜೊತೆಗಾರರಲ್ಲಿ ಮುಖ್ಯರಾದ ನಾಲ್ವರೂ ಹೆಚ್ಚುಕಡಮೆ ಒಂದೇ ಧರ್ಮಬುದ್ಧಿಯವರಾಗಿ, ಒಂದೇ ಕಾರ್ಯಕ್ಕೆ ಒಟ್ಟಿಗೆ ಹುಬ್ಬುಗಂಟಿಕ್ಕುವುದೂ ಈ ದೋಷದ ಇನ್ನೊಂದು ಮುಖ.

ಕಬ್ಬಿಣದ ಮಾತನ್ನು ಹಾದಿಯಲ್ಲಿ ಹೇಳಬಹುದು. ಸಿದ್ಧಪ್ಪಾಜಿಯು ಕಬ್ಬಿಣದ ಭಿಕ್ಷೆಗಾಗಿ ಹಲಗೂರಿನ ಪಾಂಚಾಳರ ಬಳಿಗೆ ಹೋಗಿ, ಕಠಿನವಾದ ಪರೀಕ್ಷೆಗಳಿಗೆ ಒಳಗಾಗುವ ಭಾಗ ಮಂಟೇಸ್ವಾಮಿಯ ಕಾವ್ಯದ ಸಾರಸರ್ವಸ್ವ. ಆಟದಲ್ಲಿ ಯಾವ ಬಂಡೆಗೆ ಕಿರಣಯಂತ್ರವನ್ನು ಹಿಡಿದರೂ ಕಬ್ಬಿಣ ಉದುರುತ್ತದೆ. ಉದುರಿದ್ದನ್ನು ಇಟ್ಟುಕೊಳ್ಳಲು ಜಾಗ ಸಾಲದೆಂಬುದೇ ಕಷ್ಟ.

ಯೂನಿಟಿಯ ಕಲ್ಪನೆಯನ್ನು ಗುಣಗಳ ಜೊತೆಯಲ್ಲಿ ಹೇಳದೆ ಇಲ್ಲಿಗೆ ಉಳಿಸಿಕೊಂಡದ್ದಕ್ಕೆ ಕಾರಣವುಂಟು: ಅದು ಗುಣವೂ ಹೌದು, ಕೈಬಿಟ್ಟ ಗುಣವೂ ಹೌದು. ಮುಗಿದ ಆಟವನ್ನು ಮತ್ತೆ ಮೊದಲಿನಿಂದ ಆಡುವುದು ಆಟಗಾರರ ಹಳೆಯ ರೂಢಿ. ಆ ಹೊರಗಿನ ರೂಢಿಯನ್ನು ಕಥೆಯ ಒಳಗಿನ ಘಟನೆಯಾಗಿ ಮಾಡಿದುದು ನಿಜವಾದ ಪ್ರತಿಭೆಯ ಕೆಲಸ. ದ್ವಾರವನ್ನು ದಾಟಿದವನಿಗೆ ಹಡಗು, ಹಣ, ಕಟ್ಟಿದ ನೆಲೆಗಳು ಯಾವುವೂ ಉಳಿಯುವುದಿಲ್ಲ. ವಿದ್ಯೆಗಳೂ ಶಕ್ತಿಗಳೂ ಉಳಿಯುತ್ತವೆ. ಹಿಂದೆ ತನ್ನ ತೋಳಿನಲ್ಲಿ ಸತ್ತವರು ಎದುರಿಗೆ ನಗುತ್ತ ನಿಂತಿದ್ದಾರೆ, ಆದರೆ ಅವನ ಗುರುತು ಅವರಿಗಿಲ್ಲ. ಪ್ರತಿವರ್ಷ ಜಾತ್ರೆಯಲ್ಲಿ ಅದೇ ಕಥೆಯನ್ನು ಎತ್ತಿಕೊಳ್ಳುವ ನೀಲಗಾರನ ಸ್ಥಿತಿ ಇದೇ ಅಲ್ಲವೆ? ಮುಂದೇನಾಗುವುದೆಂದು ಅವನು ಬಲ್ಲ, ಕಥೆಯೊಳಗಿನವರು ಅರಿಯರು. ಬಲ್ಲವನ ಕರುಣೆಯೇ ಹಾಡಿಗೆ ಆರ್ದ್ರತೆಯನ್ನು ಕೊಡುತ್ತದೆ. ಗಾಯಕ ಗಾಯಕನಿಗೂ ಪಾಠ ಬೇರೆಯಾಗುತ್ತದೆ. ಜನಪದ ಮಹಾಕಾವ್ಯಕ್ಕೆ ಮೂಲಪಾಠವೆಂಬುದೊಂದಿಲ್ಲ, ಪಾಠಾಂತರಗಳ ಸಮೂಹವೇ ಕಾವ್ಯ. ಸ್ಟಾರ್‌ಫೀಲ್ಡಿನ ಕರ್ತೃಗಳು ತಿಳಿದೋ ತಿಳಿಯದೆಯೋ ಈ ಸತ್ಯದ ಹೊಸ್ತಿಲವರೆಗೆ ಬಂದಿದ್ದಾರೆ.

ಹೊಸ್ತಿಲನ್ನು ದಾಟಲಿಲ್ಲ. ಸಂಘದ ಸದಸ್ಯರೆಲ್ಲ ಮಕ್ಕಳಾಗಿರುವ ವಿಶ್ವ, ಎಲ್ಲರೂ ಆಟಗಾರನ ಪ್ರತಿಬಿಂಬಗಳೇ ಆಗಿರುವ ವಿಶ್ವ, ಹೀಗೆ ಕೆಲವು ವಿನೋದದ ಪಾಠಾಂತರಗಳು ಎಲ್ಲೋ ಅಪರೂಪಕ್ಕೆ ಕಾಣಿಸಿಕೊಳ್ಳುತ್ತವೆ. ಅವೂ ಸಂಘದ ಮನೆಯ ಬಾಗಿಲಿಂದಾಚೆಗೆ ಬೆಳೆಯುವುದಿಲ್ಲ. ಮಿಕ್ಕ ಸಾವಿರ ಗ್ರಹಗಳೂ ಇದ್ದಂತೆಯೇ ಇರುತ್ತವೆ. ಮುಂದಾಗುವುದನ್ನು ಬಲ್ಲವನಾಗಿ ಮರಳಿದವನಿಗೆ ಹೇಳಲು ಕೆಲವು ಹೊಸ ಮಾತುಗಳನ್ನು ಕೊಟ್ಟಿದ್ದಾರೆ, ನಿಜ. ಬಹುಪಾಲು ಎಡೆಗಳಲ್ಲಿ ಅವು ಕಾರ್ಯವನ್ನು ಬೇಗ ಮುಗಿಸುವ ಒಳದಾರಿಗಳಾಗುತ್ತವೆಯೇ ಹೊರತು ದುಃಖವಾಗಲಿ ಕರುಣೆಯಾಗಲಿ ಆಗುವುದಿಲ್ಲ. ನಿಶಿನಾ ಸಂಶೋಧನಾಲಯದ ಒಂದು ಓಣಿಯಲ್ಲಿ ಸಾಧಿಸಿದುದನ್ನು ಇಡೀ ವಿಶ್ವಕ್ಕೆ ಹರಡುವ ಧೈರ್ಯ ಬರಲಿಲ್ಲ. ಅಥವಾ ವಿಶ್ವವನ್ನು ಅಷ್ಟು ದೊಡ್ಡದಾಗಿ ಮಾಡಿಕೊಂಡದ್ದರಿಂದಲೇ ಅದು ಅಸಾಧ್ಯವಾಯಿತು.

ಈ ಸಂಸ್ಥೆಗೆ ಈ ಪಾಠ ಹೊಸದೇನೂ ಅಲ್ಲ. 1996ರಲ್ಲಿ ಇವರು ಪ್ರಕಟಿಸಿದ ‘ಡ್ಯಾಗರ್‌ಫಾಲ್’ ಕಂಪ್ಯೂಟರು ಹಾಸಿದ ಅಪಾರವಾದ ನಾಡನ್ನುಳ್ಳ ಆಟ; 2002ರ ‘ಮೊರೋವಿಂಡ್’ ಅದಕ್ಕಿಂತ ಎಷ್ಟೋ ಪಾಲು ಚಿಕ್ಕದಾದ, ಕೈಯಿಂದ ಕಟ್ಟಿದ ಒಂದು ದ್ವೀಪದ ಆಟ. ರಸಿಕರ ನೆನಪಿನಲ್ಲಿ ಊರು ಬೀದಿಗಳ ಹೆಸರಿನೊಡನೆ ನಿಂತಿರುವುದು ಎರಡನೆಯದು. ಸ್ಟಾರ್‌ಫೀಲ್ಡ್ ಹೊರಬಂದ ಮೇಲೆ ನಿರ್ಮಾಪಕರು ಸುಮ್ಮನೆ ಕುಳಿತಿಲ್ಲ. 2024ರ ಮೇ ತಿಂಗಳಲ್ಲಿ ನೆಲದ ನಕ್ಷೆಗಳನ್ನು ಸುಧಾರಿಸಿದರು. ಆಗಸ್ಟಿನಲ್ಲಿ ಬಯಲುಗಳಲ್ಲಿ ಓಡಾಡುವುದಕ್ಕೆ ಒಂದು ಗಾಡಿಯನ್ನು ಕೊಟ್ಟರು. ಗಾಡಿಯಿಂದ ಬಯಲು ಬೇಗ ಕಳೆಯುತ್ತದೆ, ತುಂಬುವುದಿಲ್ಲ. ಅದೇ ವರ್ಷ ಸೆಪ್ಟೆಂಬರ್ 30ರಂದು ಬಂದ ‘ಶಾಟರ್ಡ್ ಸ್ಪೇಸ್’ ಎಂಬ ಅನುಬಂಧ ಮಾತ್ರ ಬೇರೆ ದಾರಿ ಹಿಡಿದಿದೆ. ಅದರ ಕಥೆ ವರೂನ್‌ಕಾಯ್ ಎಂಬ ಒಂದೇ ಗ್ರಹದಲ್ಲಿ, ದಾಜ್ರಾ ಎಂಬ ನಗರದ ಸುತ್ತಿನ ಒಂದೇ ಸೀಮೆಯಲ್ಲಿ ನಡೆಯುತ್ತದೆ. ಹೊರಗಿನಿಂದ ಬಂದವನನ್ನು ಅಲ್ಲಿಯ ಮನೆತನದವರು ಬಂದೊಡನೆಯೇ ತಮ್ಮವನನ್ನಾಗಿ ಮಾಡಿಕೊಂಡು ಮಹತ್ಕಾರ್ಯಗಳನ್ನು ಒಪ್ಪಿಸುವುದು ಮೂಲದ ಪೀಠಿಕೆಯಷ್ಟೇ ಅವಸರದ್ದು. ಅಲ್ಲಿಯೂ ಇಲ್ಲವೆನ್ನುವ ಅಧಿಕಾರ ಹೆಚ್ಚೇನೂ ಬಂದಿಲ್ಲ. ಆದರೆ ನಗರದ ಬಾಗಿಲಿನಿಂದ ಹೊರಟು, ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ನಡೆದು ಹೋಗಬಹುದಾಗಿದೆ. ಎರಡನೆಯ ಸಲ ಅದೇ ದಾರಿಯಲ್ಲಿ ಬಂದವನಿಗೆ ಯಾವ ತಿರುವಿನಲ್ಲಿ ಏನಿತ್ತೆಂಬುದು ನೆನಪಿರುತ್ತದೆ.